ಇಟಲಿಯ ದ್ರಾಕ್ಷಿಯ ಸುಗ್ಗಿ: ಯಾತ್ರಿಕರ ನೆನಪೂ ಒಕ್ಕಲಿನ ಲೆಕ್ಕವೂ

ಇಟಲಿ ದೇಶದಲ್ಲಿ ಸಂಚಾರ ಮಾಡಿ ಬಂದವರು ಬರೆದಿಟ್ಟಿರುವ ಗ್ರಂಥಗಳು ಯೂರೋಪಿನ ಭಾಷೆಗಳಲ್ಲಿ ಅಸಂಖ್ಯಾತವಾಗಿವೆ. ಅವುಗಳಲ್ಲಿ ದೇವಾಲಯಗಳ ವರ್ಣನೆಯೂ ಚಿತ್ರಶಾಲೆಗಳ ವರ್ಣನೆಯೂ ಹೇರಳವಾಗಿದ್ದರೂ, ಗ್ರಂಥಕರ್ತರ ಮನಸ್ಸು ಕರಗುವುದು ಬೇರೊಂದು ಸ್ಥಳದಲ್ಲಿ. ಸೆಪ್ಟೆಂಬರ್ ಅಥವಾ ಅಕ್ಟೋಬರ್ ತಿಂಗಳಲ್ಲಿ ಯಾವುದೋ ಒಂದು ಹಳ್ಳಿಯ ದ್ರಾಕ್ಷಿಯ ತೋಟದಲ್ಲಿ ಬೆಳಗಿನಿಂದ ಗೊಂಚಲುಗಳನ್ನು ಕತ್ತರಿಸಿ, ಮಧ್ಯಾಹ್ನ ಒಕ್ಕಲಿನವರೊಡನೆ ಒಂದೇ ಹಲಗೆಯ ಮುಂದೆ ಸಾಲಾಗಿ ಕುಳಿತು ಉಂಡ ಊಟವನ್ನು ಅವರು ಮುಪ್ಪಿನಲ್ಲಿಯೂ ಮರೆಯುವುದಿಲ್ಲ. ಅರಮನೆಯ ಹೆಸರು ಮರೆತುಹೋಗುತ್ತದೆ. ಆ ದಿನದ ರೊಟ್ಟಿಯ ರುಚಿ ಉಳಿಯುತ್ತದೆ.

ಈ ನೆನಪುಗಳು ಸುಳ್ಳಲ್ಲ. ಆದರೆ ಅವು ವರ್ಷದ ಒಂದೆರಡು ದಿನಗಳ ಸಾಕ್ಷ್ಯ ಮಾತ್ರ. ಮಿಕ್ಕ ದಿನಗಳ ಸಾಕ್ಷ್ಯವು ಒಕ್ಕಲಿನವನ ಲೆಕ್ಕದ ಪುಸ್ತಕದಲ್ಲಿ ಅಡಗಿದೆ. ಸುಗ್ಗಿಯ ಕಾಲದಲ್ಲಿ ಹತ್ತಾರು ಕೈಗಳನ್ನು ಕೂಡಿಸಬೇಕಾದ ಜಮೀನುದಾರರು ಇವೆರಡನ್ನೂ ಒಟ್ಟಿಗೆ ಓದಿದರೆ, ಇಟಲಿಯ ಗ್ರಾಮಾಂತರಗಳಿಗೆ ಕಳೆದ ನೂರು ವರ್ಷಗಳಲ್ಲಿ ಒದಗಿದ ಸ್ಥಿತಿಯು ಏಕೆ ಒದಗಿತೆಂಬುದು ಸ್ಪಷ್ಟವಾಗುತ್ತದೆ. ಕೇವಲ ಒಂದನ್ನೇ ಓದಿದವರು ಮೋಸಹೋಗುತ್ತಾರೆ.

ಎರಡನ್ನೂ ಒಬ್ಬನೇ ಕಂಡ ನಿದರ್ಶನವು ಇಲ್ಲದೆ ಇಲ್ಲ. 1786ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಜರ್ಮನಿಯ ಮಹಾಕವಿ ಗಯಟೆಯವರು, ವೈಮರ್ ಸಂಸ್ಥಾನದ ಮಂತ್ರಿಪದವಿಯ ಭಾರವನ್ನು ಹಿಂದೆ ಬಿಟ್ಟು, ಸ್ನೇಹಿತರಿಗೂ ತಿಳಿಸದೆ ಗಾಡಿಯನ್ನೇರಿ, ಬ್ರೆನ್ನರ್ ಕಣಿವೆಯ ಮಾರ್ಗವಾಗಿ ದಕ್ಷಿಣಕ್ಕೆ ಇಳಿದರು. ವೆರೋನಾ ಪಟ್ಟಣದಿಂದ ವಿಚೆಂತ್ಸಾಕ್ಕೆ ಹೋಗುವ ರಸ್ತೆಯಲ್ಲಿ ಅವರು ಕಂಡ ನೋಟವು ಅವರ ಪ್ರವಾಸದ ಪುಸ್ತಕದಲ್ಲಿ ಚಿತ್ರದಂತೆ ನಿಂತಿದೆ. ಹೊಲಗಳಲ್ಲಿ ಮರಗಳ ಸಾಲು; ಮರದಿಂದ ಮರಕ್ಕೆ ತೋರಣ ಕಟ್ಟಿದಂತೆ ದ್ರಾಕ್ಷಿಯ ಬಳ್ಳಿಗಳು; ಹಣ್ಣಿನ ಭಾರಕ್ಕೆ ಜೋತುಬಿದ್ದ ಕುಡಿಗಳು. ರಸ್ತೆಯ ಮೇಲೆ ನಾಲ್ಕು ನಾಲ್ಕು ಎತ್ತುಗಳು ಎಳೆಯುವ, ತಗ್ಗು ಗಾಲಿಗಳ ಗಾಡಿಗಳು ದೊಡ್ಡ ತೊಟ್ಟಿಗಳನ್ನು ಹೊತ್ತು ಹೋಗುತ್ತ ಬರುತ್ತ ಇದ್ದವು. ಬರಿದಾದ ತೊಟ್ಟಿಯೊಳಗೇ ನಿಂತು ಗಾಡಿ ಹೊಡೆಯುತ್ತಿದ್ದ ಆಳುಗಳನ್ನು ಕಂಡು, ಪುರಾತನರ ಮದ್ಯದೇವತೆಯ ಉತ್ಸವವೇ ಬರುತ್ತಿದೆಯೋ ಎಂದು ಕವಿಗೆ ತೋರಿತು.

ಬಳ್ಳಿಯನ್ನು ಮರಕ್ಕೆ ಹಬ್ಬಿಸುವ ಈ ಪದ್ಧತಿಯು ಅಡಕೆಯ ಮರಕ್ಕೆ ಮೆಣಸಿನ ಬಳ್ಳಿಯನ್ನು ಹಬ್ಬಿಸುವುದನ್ನು ಬಲ್ಲ ಮಲೆನಾಡಿನವರಿಗೆ ಹೊಸದಾಗಿ ತೋರದು. ಇಟಲಿಯ ಜನರು ಇದನ್ನು ‘ಮದುವೆಯಾದ ಬಳ್ಳಿ’ ಎಂದು ಕರೆಯುವರು. ವರನ ಸ್ಥಾನದಲ್ಲಿ ಎಲ್ಮ್, ಮೇಪಲ್, ಪಾಪ್ಲರ್ ಮರಗಳೂ ಕೆಲವೆಡೆ ಹಿಪ್ಪುನೇರಳೆಯೂ ಇರುತ್ತಿದ್ದವು. ಮರದ ಸೊಪ್ಪು ದನಗಳಿಗೆ ಮೇವು. ಹಿಪ್ಪುನೇರಳೆಯಾದರೆ ರೇಷ್ಮೆಯ ಹುಳುಗಳಿಗೆ ಆಹಾರ. ಸಾಲುಗಳ ನಡುವೆ ಗೋಧಿಯ ಬೆಳೆ. ಒಂದೇ ತುಂಡು ನೆಲದಲ್ಲಿ ನಾಲ್ಕು ಫಲಗಳು. (ಇಟಲಿಯವರ ರೇಷ್ಮೆಯ ಜ್ಞಾನವು ಮೈಸೂರು ಸಂಸ್ಥಾನಕ್ಕೂ ಬಂದು ಮುಟ್ಟಿತು. 1910ರ ದಶಕದಲ್ಲಿ ಸಂಸ್ಥಾನದ ಸರ್ಕಾರದವರು ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞರನ್ನು ಕರೆಯಿಸಿಕೊಂಡಿದ್ದರೆಂಬುದು ರೇಷ್ಮೆಯ ಕಸುಬಿನವರಿಗೆ ತಿಳಿದಿರಬಹುದು.)

ಕವಿಯು ಇಷ್ಟನ್ನೇ ಬರೆದು ಮುಂದೆ ಹೋಗಿದ್ದರೆ ಆ ಪುಸ್ತಕವು ನೂರರಲ್ಲಿ ಒಂದಾಗಿರುತ್ತಿತ್ತು. ಆದರೆ ಅವರು ಮಂತ್ರಿಯೂ ಆಗಿದ್ದವರು. ಜನರ ಮುಖವನ್ನು ನೋಡುವ ಅಭ್ಯಾಸ ಅವರಿಗಿತ್ತು. ಬೆಟ್ಟವನ್ನಿಳಿದ ಕೂಡಲೆ ಹೆಂಗಸರ ಮುಖಗಳು ಕಂದಿರುವುದನ್ನೂ ಮಕ್ಕಳು ಸೊರಗಿರುವುದನ್ನೂ ಅವರು ಗಮನಿಸಿ, ಇದಕ್ಕೆ ಕಾರಣವು ಜನರ ಆಹಾರವೇ ಆಗಿರಬೇಕೆಂದು ಊಹಿಸಿದರು. ಮುಸುಕಿನ ಜೋಳದ ಹಿಟ್ಟನ್ನೂ ಬಕ್‌ವೀಟ್ ಎಂಬ ಕಪ್ಪು ಕಾಳಿನ ಹಿಟ್ಟನ್ನೂ ನೀರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಮುದ್ದೆಯಂತೆ ಮಾಡಿ ಉಣ್ಣುವುದು ಅಲ್ಲಿಯ ವಾಡಿಕೆ. ಇದಕ್ಕೆ ಪೊಲೆಂಟಾ ಎಂದು ಹೆಸರು. ಜರ್ಮನ್ ಭಾಷೆಯಾಡುವ ಬೆಟ್ಟದವರು ಅದನ್ನು ಬೆಣ್ಣೆಯಲ್ಲಿ ಹುರಿದು ತಿನ್ನುತ್ತಿದ್ದರು. ಕೆಳಗಿನವರು ಬರಿದಾಗಿ, ಹೆಚ್ಚೆಂದರೆ ಸ್ವಲ್ಪ ಗಿಣ್ಣನ್ನು ತುರಿದು ಹಾಕಿಕೊಂಡು, ವರ್ಷವಿಡೀ ಅದನ್ನೇ ತಿನ್ನುತ್ತಿದ್ದರು.

ಬೊಲ್ಜಾನೊ ಊರಿನಲ್ಲಿ ತಾವು ಇಳಿದುಕೊಂಡಿದ್ದ ಮನೆಯೊಡತಿಯ ಮಗಳನ್ನು ಗಯಟೆಯವರು ವಿಚಾರಿಸಿದರು. ಅನುಕೂಲವಂತರಾದ ಒಕ್ಕಲಿಗರೂ ಉಂಟಲ್ಲವೆ, ಅವರಾದರೂ ಚೆನ್ನಾಗಿ ಉಣ್ಣುವುದಿಲ್ಲವೆ, ಹಣವು ಎಲ್ಲಿಗೆ ಹೋಗುತ್ತದೆ ಎಂಬುದು ಅವರ ಪ್ರಶ್ನೆ. ಹಣವನ್ನು ತೆಗೆದುಕೊಳ್ಳಲು ಧಣಿಗಳಿದ್ದಾರೆ ಎಂಬ ಅರ್ಥದ ಉತ್ತರವು ಆ ಹುಡುಗಿಯಿಂದ ಬಂದಿತು. ಆಕೆಯು ಹೇಳಿದ ಮತ್ತೊಂದು ಸಂಗತಿಯು ಇನ್ನೂ ವಿಚಾರಾರ್ಹವಾದದ್ದು. ನೋಡುವವರಿಗೆ ಎಲ್ಲರಿಗಿಂತ ಸ್ಥಿತಿವಂತರಾಗಿ ಕಾಣುವ ದ್ರಾಕ್ಷಿಯ ಬೆಳೆಗಾರರೇ ವಾಸ್ತವವಾಗಿ ಎಲ್ಲರಿಗಿಂತ ಕಷ್ಟದಲ್ಲಿದ್ದರು. ಬೆಳೆ ಕೆಟ್ಟ ವರ್ಷಗಳಲ್ಲಿ ಪಟ್ಟಣದ ವರ್ತಕರು ಅವರಿಗೆ ಜೀವನಕ್ಕೆ ಮುಂಗಡ ಕೊಟ್ಟು, ಬೆಳೆ ಬಂದ ವರ್ಷ ವೈನನ್ನು ಅಗ್ಗದ ಬೆಲೆಗೆ ಎಳೆದುಕೊಳ್ಳುತ್ತಿದ್ದರು. ಹಾಗಾದರೆ ಕವಿಯು ರಸ್ತೆಯ ಮೇಲೆ ಕಂಡ ಉತ್ಸವದಂಥ ಗಾಡಿಗಳಲ್ಲಿ ಎಷ್ಟರ ಹಣ್ಣು ಬಳ್ಳಿಯಲ್ಲಿರುವಾಗಲೇ ಸಾಲಕ್ಕೆ ಸಂದುಹೋಗಿತ್ತೋ!

ಪೊಲೆಂಟಾದ ವಿಷಯದಲ್ಲಿ ಕವಿಯ ಊಹೆಯು ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಉತ್ತರ ಇಟಲಿಯ ಬಡ ಒಕ್ಕಲಿನವರಲ್ಲಿ ಚರ್ಮ ಒರಟಾಗಿ, ಹೊಟ್ಟೆ ಕೆಟ್ಟು, ಕಡೆಗೆ ಬುದ್ಧಿಭ್ರಮಣೆಯಾಗುತ್ತಿದ್ದ ರೋಗಕ್ಕೆ 1771ರಲ್ಲಿ ಮಿಲಾನಿನ ವೈದ್ಯರಾದ ಫ್ರಪೋಲಿಯವರು ‘ಪೆಲ್ಲಾಗ್ರ’, ಎಂದರೆ ಒರಟು ಚರ್ಮ, ಎಂಬ ಹೆಸರನ್ನು ಬಳಕೆಗೆ ತಂದಿದ್ದರು. ಮುಸುಕಿನ ಜೋಳವನ್ನೇ ಏಕಮಾತ್ರ ಆಹಾರವಾಗಿ ಉಂಡವರಿಗೆ ನಿಯಾಸಿನ್ ಎಂಬ ಜೀವಸತ್ತ್ವವು ದೊರೆಯದೆ ಹೋಗುವುದೇ ಇದಕ್ಕೆ ಕಾರಣವೆಂದು ನಿಶ್ಚಯವಾದದ್ದು 1937ರ ಸುಮಾರಿಗೆ. ಜೋಳದಲ್ಲಿ ದೋಷವಿಲ್ಲ. ಅದರೊಡನೆ ಹಾಲು, ಕಾಳು, ಮಾಂಸ ಇವುಗಳಲ್ಲಿ ಒಂದಿದ್ದರೂ ರೋಗವು ಸುಳಿಯದು. ಆ ಒಂದು ಇಲ್ಲದಿದ್ದುದೇ ಸಮಸ್ಯೆ. ಇಂದು ಉತ್ತರ ಇಟಲಿಗೆ ಹೋದ ಯಾತ್ರಿಕನು ಅಣಬೆಯ ಪಲ್ಯದೊಡನೆ ಪೊಲೆಂಟಾವನ್ನು ಚಪ್ಪರಿಸಿ ಉಂಡು, ಹಳ್ಳಿಯ ಸರಳ ಆಹಾರವೆಂದು ಹೊಗಳುತ್ತಾನೆ. ಅದೇ ಊರಿನ ಮುದುಕರ ಅಜ್ಜಂದಿರು ಅದೇ ಮುದ್ದೆಯಿಂದಲೇ ಹಾಸಿಗೆ ಹಿಡಿದಿದ್ದರು. ಈ ರೋಗದ ನಿವಾರಣೆಗೆಂದೇ ಇಟಲಿಯ ಸರ್ಕಾರವು 1902ರಲ್ಲಿ ಒಂದು ಶಾಸನವನ್ನು ಮಾಡಬೇಕಾಯಿತು.

ಉತ್ತರದಿಂದ ಇನ್ನೂರು ಮೈಲಿ ದಕ್ಷಿಣಕ್ಕೆ ಬಂದರೆ ತೊಸ್ಕಾನ ಸೀಮೆ. ಯಾತ್ರಿಕರ ಸವಿನೆನಪುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯವು. ಫ್ಲಾರೆನ್ಸ್ ಮತ್ತು ಸಿಯೆನ್ನಾ ನಗರಗಳ ಸುತ್ತಣ ಗುಡ್ಡಗಳಲ್ಲಿ ದ್ರಾಕ್ಷಿಯ ಸುಗ್ಗಿಯು ಹಿಂದಿನ ಕಾಲದಲ್ಲಿ ಹೇಗೆ ನಡೆಯುತ್ತಿತ್ತೆಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಇಬ್ಬನಿ ಆರಿದ ಮೇಲೆಯೇ ಕತ್ತರಿಸಲು ತೊಡಗುವರು. ಒದ್ದೆಯ ಹಣ್ಣು ರಸವನ್ನು ತೆಳುಮಾಡುವುದು. ಗಂಡಸರು ಏಣಿ ಹಾಕಿ ಮರದ ಮೇಲಿನ ಗೊಂಚಲುಗಳನ್ನೂ, ಹೆಂಗಸರು ಮಕ್ಕಳು ಕೆಳಗಿನವನ್ನೂ ಕತ್ತರಿಸಿ ಬುಟ್ಟಿಗೆ ಹಾಕುವರು. ಬುಟ್ಟಿಗಳಿಂದ ಮರದ ಹಲಗೆಗಳಲ್ಲಿ ಕಟ್ಟಿದ ಎತ್ತರದ ಕೊಳಗಗಳಿಗೆ ಸುರಿದು, ಮರದ ಒನಕೆಯಿಂದ ಅಲ್ಲಿಯೇ ಜಜ್ಜುವರು. ಈ ಕೊಳಗಗಳನ್ನು ಹೊರುವ ಗಾಡಿಗಳನ್ನು ಕಿಯಾನೀನ ಎಂಬ ಬಿಳಿಯ ಎತ್ತುಗಳು ಎಳೆಯುತ್ತಿದ್ದವು. ಜಗತ್ತಿನ ಅತಿ ದೊಡ್ಡ ದನದ ತಳಿಗಳಲ್ಲಿ ಇದೊಂದು; ಹೋರಿಯು ಆರು ಅಡಿಯ ಎತ್ತರದವರೆಗೂ ಬೆಳೆಯುವುದುಂಟು. ಟ್ರಾಕ್ಟರು ಬಂದ ಮೇಲೆ ಈ ತಳಿಯು ನೊಗದಿಂದ ಬಿಡುಗಡೆ ಹೊಂದಿ ಮಾಂಸಕ್ಕಾಗಿ ಮಾತ್ರ ಸಾಕಲ್ಪಡುತ್ತಿದೆ.

ಒಂದು ಮನೆಯ ಜನರಿಂದ ಈ ಕೆಲಸವು ಸಕಾಲದಲ್ಲಿ ಮುಗಿಯದು. ಹಣ್ಣು ಮಾಗಿದ ಮೇಲೆ ಮಳೆ ಬಿದ್ದರೆ ಕೊಳೆಯುವುದು. ಆದಕಾರಣ ನೆರೆಹೊರೆಯ ಒಕ್ಕಲುಗಳು ಮುಯ್ಯಾಳಿನ ಕ್ರಮದಲ್ಲಿ ಈ ದಿನ ಇವರಲ್ಲಿಗೆ, ನಾಳೆ ಅವರಲ್ಲಿಗೆ ಹೋಗುತ್ತಿದ್ದರು. ಮುಯ್ಯಾಳಿಗೆ ಕೂಲಿಯಿಲ್ಲ, ಊಟವುಂಟು. ಈ ಊಟದಲ್ಲಿ ಕೊರತೆ ಮಾಡಿದ ಮನೆಗೆ ಮುಂದಿನ ವರ್ಷ ಕೈಗಳು ಬರುವುದರಲ್ಲಿಯೂ ಕೊರತೆಯಾಗುತ್ತಿತ್ತು. ಮನೆಯ ಯಜಮಾನಿಯು ಮೊದಲೇ ಸಾಕಿ ಕೊಬ್ಬಿಸಿದ್ದ ಕೋಳಿ, ಮೊಲಗಳು ಅಂದು ಒಲೆಗೆ ಏರುತ್ತಿದ್ದವು. ಗೋಧಿಯ ಒಕ್ಕಣೆಯ ದಿನವಾದರೆ ಕಿಯಾನ ಕಣಿವೆಯಲ್ಲಿ ಹೆಬ್ಬಾತಿನ ಮಾಂಸವೇ ಆಗಬೇಕು. ಉಪ್ಪಿಲ್ಲದ ತೊಸ್ಕಾನದ ರೊಟ್ಟಿ, ಎಣ್ಣೆ ಸುರಿದ ಹುರುಳಿಕಾಯಿಯ ಜಾತಿಯ ಬಿಳಿಯ ಕಾಳು, ಮನೆಯಲ್ಲಿಯೇ ಲಟ್ಟಿಸಿ ಕೊಯ್ದ ಗೋಧಿಯ ಪಟ್ಟಿಗಳು, ಕುರಿಯ ಹಾಲಿನ ಗಿಣ್ಣು. ಫ್ಲಾರೆನ್ಸಿನ ಕಡೆ ಸುಗ್ಗಿಯ ದಿನಗಳಲ್ಲಿ ಮಾತ್ರ ಮಾಡುವ ಒಂದು ಚಪ್ಪಟೆಯ ರೊಟ್ಟಿಯುಂಟು. ಕಣಕದ ಎರಡು ಪದರಗಳ ನಡುವೆಯೂ ಮೇಲೆಯೂ ಬೀಜಸಮೇತವಾದ ಕಪ್ಪು ದ್ರಾಕ್ಷಿಯನ್ನು ಒತ್ತಿ, ಎಣ್ಣೆ ಸಕ್ಕರೆಗಳನ್ನು ಚಿಮುಕಿಸಿ ಸುಡುವರು. ಹಣ್ಣು ಒಡೆದು ರಸವು ರೊಟ್ಟಿಯನ್ನು ನೇರಳೆಯ ಬಣ್ಣಕ್ಕೆ ತಿರುಗಿಸುತ್ತದೆ. ಇದನ್ನು ತಿಂದವರು ಇದರ ವಿಷಯವನ್ನು ಬರೆಯದೆ ಬಿಡುವುದಿಲ್ಲ.

ವೈನಿನ ಪ್ರಸ್ತಾಪವನ್ನು ಬಿಟ್ಟು ಇಟಲಿಯ ಸುಗ್ಗಿಯನ್ನು ಹೇಳಲು ಸಾಧ್ಯವಿಲ್ಲ. ಪಾನವನ್ನು ದೋಷವೆಂದೆಣಿಸುವ ವಾಚಕರು ಇದನ್ನು ಮೆಚ್ಚದೆ ಇರಬಹುದು. ಆದರೆ ಅಲ್ಲಿಯ ಜನರಿಗೆ ಅದು ಊಟದ ಒಂದು ಅಂಗ, ಮಜ್ಜಿಗೆಯಂತೆ. ತೊಸ್ಕಾನದ ವೈನಿನಲ್ಲಿ ಪ್ರಸಿದ್ಧವಾದ ಕಿಯಾಂತಿಯ ಪಾಕವನ್ನು ನಿರ್ಧರಿಸಿದವರು ಬ್ರೋಲಿಯೊ ಗ್ರಾಮದ ಜಮೀನುದಾರರೂ ಇಟಲಿ ರಾಜ್ಯದ ಎರಡನೆಯ ಪ್ರಧಾನಮಂತ್ರಿಗಳೂ ಆದ ಬೆತ್ತಿನೊ ರಿಕಾಸೊಲಿಯವರು. ಪರಿಮಳಕ್ಕೂ ಕಸುವಿಗೂ ಸಾಂಜೊವೇಸೆ, ಒರಟುತನವನ್ನು ತಗ್ಗಿಸಲು ಕನಾಯೊಲೊ, ಬೇಗ ಕುಡಿಯುವ ವೈನಿಗೆ ಮಾತ್ರ ಸ್ವಲ್ಪ ಬಿಳಿಯ ಮಾಲ್ವಾಸಿಯ ಎಂದು ಅವರು 1872ರ ಒಂದು ಪತ್ರದಲ್ಲಿ ವಿವರಿಸಿದರು. ಇವರು ಪಟ್ಟಣದ ವಾಸವನ್ನು ಬಿಟ್ಟು ಹಳ್ಳಿಗೆ ಬಂದು ಸ್ವತಃ ನಿಂತು ಸಾಗುವಳಿ ಮಾಡಿಸಿದ ಧಣಿಗಳು. ಹಿಡಿತ ಬಿಗಿಯಾಗಿತ್ತಾದರೂ, ಪಾರುಪತ್ಯಗಾರನ ಕಣ್ಣಿನಿಂದ ಮಾತ್ರ ಜಮೀನನ್ನು ನೋಡುತ್ತಿದ್ದ ಇತರ ಧಣಿಗಳಿಗಿಂತ ಇವರನ್ನು ಮೇಲೆಂದೇ ಹೇಳಬೇಕು. ಇನ್ನೊಂದು ಬಗೆ ‘ಪವಿತ್ರ ವೈನು’. ಆಯ್ದ ಗೊಂಚಲುಗಳನ್ನು ಅಟ್ಟದ ಮೇಲೆ ಚಾಪೆಗಳಲ್ಲಿ ಹರಡಿ, ಅಥವಾ ತೊಲೆಗಳಿಗೆ ತೂಗುಹಾಕಿ, ತಿಂಗಳುಗಟ್ಟಲೆ ಬಾಡಿಸಿ ಹಿಂಡಿ, ಸಣ್ಣ ಪೀಪಾಯಿಗಳಲ್ಲಿ ತುಂಬಿ ಬಾಯಿ ಮುಚ್ಚಿ, ವರ್ಷಗಳವರೆಗೆ ಅಟ್ಟದಲ್ಲಿಯೇ ಬಿಡುವರು. ಅತಿಥಿ ಬಂದಾಗ ಅದರಿಂದ ಒಂದು ಬಟ್ಟಲು.

ಹಾಗಾದರೆ ಹಣ್ಣು ಕತ್ತರಿಸಿದವನು ದಿನಂಪ್ರತಿ ಕುಡಿಯುತ್ತಿದ್ದುದೇನು? ರಸವನ್ನು ತೆಗೆದ ಮೇಲೆ ತೊಟ್ಟಿಯಲ್ಲಿ ಉಳಿದ ಹಿಪ್ಪೆಯ ಮೇಲೆ ನೀರು ಸುರಿದು, ಕೆಲವು ದಿನ ನೆನೆಸಿ ಬಸಿದ ತೆಳುವಾದ ನಸುಗೆಂಪು ನೀರನ್ನು. ಇದಕ್ಕೆ ಅಕ್ವೆರೆಲ್ಲೊ ಎನ್ನುತ್ತಿದ್ದರು. ಒಳ್ಳೆಯ ವೈನು ಧಣಿಯ ಪಾಲಿಗೂ, ಒಕ್ಕಲಿನ ಪಾಲಿನಲ್ಲಿ ಹೆಚ್ಚು ಭಾಗವು ಸಾಲಕ್ಕೂ ಮಾರಾಟಕ್ಕೂ ಹೋಗುತ್ತಿತ್ತು. ಸುಗ್ಗಿಯ ದಿನ, ಒಕ್ಕಣೆಯ ದಿನ, ಹಬ್ಬದ ದಿನ ಮಾತ್ರ ನಿಜವಾದ ವೈನು ಹಲಗೆಯ ಮೇಲೆ ಬರುತ್ತಿತ್ತು. ಯಾತ್ರಿಕನು ಬರುತ್ತಿದ್ದುದೂ ಸರಿಯಾಗಿ ಅದೇ ದಿನ. ತನ್ನ ಎದುರಿಗೆ ಕುಳಿತವನ ಮುಖದಲ್ಲಿ ಅವನು ಕಂಡ ಸಂತೋಷವು ನಿಜವಾದದ್ದೇ. ಆದರೆ ಅದು ಎಂದಿನ ಸಂತೋಷವೆಂದು ತಿಳಿದದ್ದು ತಪ್ಪು.

ಒಕ್ಕಲಿನವರ ಔದಾರ್ಯವೂ ಸಹ ಹಬ್ಬದ ದಿನದ್ದು ಮಾತ್ರವೆಂದು ಇದರಿಂದ ಯಾರೂ ಭಾವಿಸಬಾರದು. 1943ರ ಸೆಪ್ಟೆಂಬರ್ 8ರಂದು ಇಟಲಿಯು ಯುದ್ಧದಿಂದ ಹಿಂದೆಗೆದ ವಾರ್ತೆಯು ಪ್ರಕಟವಾದಾಗ, ಅಲ್ಲಿಯ ಶಿಬಿರಗಳಲ್ಲಿ ಸೆರೆಯಿದ್ದ ಸಹಸ್ರಾರು ಸೈನಿಕರು ಬೇಲಿಯನ್ನು ದಾಟಿ ಹೊಲಗಳಿಗೆ ಚೆದರಿದರು. ಅದು ದ್ರಾಕ್ಷಿಯ ಸುಗ್ಗಿಯ ಕಾಲ. ಅವೆಜ್ಜಾನೊ ಶಿಬಿರದಲ್ಲಿ ಇಂಡಿಯದ ಸೈನಿಕರು ಸೆರೆಯಿದ್ದರು. ಅಡಗಿಸಿಟ್ಟವರಿಗೆ ಮರಣದಂಡನೆಯೆಂದು ಜರ್ಮನರು ಸಾರಿದ್ದರೂ, ತಮಗೇ ಸಾಲದ ರೊಟ್ಟಿಯನ್ನು ಮುರಿದು ಒಕ್ಕಲಿನವರು ಈ ಅನ್ಯದೇಶೀಯರಿಗೆ ಕೊಟ್ಟರು, ಕೊಟ್ಟಿಗೆಗಳಲ್ಲಿ ಮಲಗಿಸಿದರು. ಇಂಗ್ಲಿಷ್ ಗ್ರಂಥಕರ್ತರಾದ ಎರಿಕ್ ನ್ಯೂಬಿಯವರು ಹೀಗೆ ತಪ್ಪಿಸಿಕೊಂಡವರಲ್ಲಿ ಒಬ್ಬರು. ಅಪೆನೈನ್ ಬೆಟ್ಟಗಳ ಒಂದು ಒಕ್ಕಲುಮನೆಯಲ್ಲಿ ಹೊಲದ ಕಲ್ಲುಗಳನ್ನು ಆಯ್ದು ಹಾಕುವ ಕೆಲಸ ಮಾಡುತ್ತ ಅವರು ಕೆಲವು ಕಾಲ ಬದುಕಿದ್ದು, ತರುವಾಯ ಮತ್ತೆ ಸೆರೆಸಿಕ್ಕಿದರು. 1971ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಇದೆಲ್ಲವೂ ಇದೆ. ಆ ಋಣವನ್ನು ಮರೆಯದೆ 1967ರಲ್ಲಿ ಅವರು ಉತ್ತರ ತೊಸ್ಕಾನದ ಗುಡ್ಡದಲ್ಲಿ ಒಂದು ಹಳೆಯ ಒಕ್ಕಲುಮನೆಯನ್ನು ಕೊಂಡು, ನೆರೆಯವರ ಸುಗ್ಗಿಗಳಲ್ಲಿ ದುಡಿದು ಉಂಡರು. ಹಾಗೆಯೇ ಮಾಜಿ ಸೆರೆಯಾಳುಗಳು 1989ರಲ್ಲಿ ಮೋಂತೆ ಸಾನ್ ಮಾರ್ತಿನೊ ಎಂಬ ಹೆಸರಿನ ನಿಧಿಯನ್ನು ಸ್ಥಾಪಿಸಿ, ಇಟಲಿಯ ಯುವಜನರಿಗೆ ಇಂಗ್ಲೆಂಡಿನಲ್ಲಿ ಭಾಷೆ ಕಲಿಯಲು ವೇತನ ಕೊಡುವ ಏರ್ಪಾಟು ಮಾಡಿದರು. ಬೆಳಗಾವಿಯಲ್ಲಿ ನೆಲೆಯುಳ್ಳ ಮರಾಠಾ ಪದಾತಿದಳದ ಸೈನಿಕರೂ 1943ರಿಂದ 1945ರವರೆಗೆ ಸಾಂಗ್ರೊ, ತೈಬರ್, ಸೇನಿಯೊ ನದಿಗಳ ದಡಗಳಲ್ಲಿ ಹೋರಾಡಿದವರು. ಅವರು ಇಳಿದ ಕಂದಕಗಳಲ್ಲಿ ಅನೇಕವು ದ್ರಾಕ್ಷಿಯ ತೋಟಗಳಲ್ಲಿಯೇ ಇದ್ದಿರಬೇಕು.

ಇಷ್ಟು ಉದಾರಿಗಳಾದ ಜನರು ಯಾವ ಕರಾರಿನ ಕೆಳಗೆ ಬದುಕುತ್ತಿದ್ದರು? ಹಿಂದೆ ಮೈಸೂರು ಸೀಮೆಯಲ್ಲಿದ್ದ ವಾರದ ಸಾಗುವಳಿಯನ್ನು ಕೇಳಿ ಬಲ್ಲವರಿಗೆ ತೊಸ್ಕಾನದ ‘ಮೆಜ್ಜಾದ್ರಿಯ’ ಪದ್ಧತಿಯನ್ನು ತಿಳಿಯುವುದು ಕಷ್ಟವಲ್ಲ. ಭೂಮಿಯೂ ಮನೆಯೂ ಧಣಿಯವು, ದುಡಿಮೆ ಒಕ್ಕಲಿನದು, ದನಕರುಗಳ ಮತ್ತು ಗೊಬ್ಬರ ಮೊದಲಾದವುಗಳ ವೆಚ್ಚವು ಸಾಮಾನ್ಯವಾಗಿ ಹಂಚಿಕೆಯಾಗಿ, ಫಲದಲ್ಲಿ ಅರ್ಧರ್ಧ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಬೆಳೆ ಕೆಟ್ಟರೆ ನಷ್ಟದಲ್ಲಿಯೂ ಧಣಿಗೆ ಪಾಲುಂಟಲ್ಲವೆ, ಕೂಲಿಯವನಂತೆ ಒಕ್ಕಲಿನವನು ಬೀದಿಯ ಪಾಲಾಗುವುದಿಲ್ಲವಲ್ಲವೆ ಎಂದು ಫ್ಲಾರೆನ್ಸಿನಲ್ಲಿ 1753ರಲ್ಲಿ ಸ್ಥಾಪಿತವಾದ ಜಾರ್ಜೊಫಿಲಿ ವ್ಯವಸಾಯ ಪರಿಷತ್ತಿನಲ್ಲಿ ಧಣಿಗಳು ವಾದಿಸಿದ್ದುಂಟು. ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅರ್ಧವೆಂಬುದು ಕಣದಲ್ಲಿ ನಿಂತಾಗ ಮಾತ್ರ ಅರ್ಧ. ಅದರ ಮೇಲೆ ಕ್ರಿಸ್‌ಮಸ್ಸಿಗೆ ಹುಂಜ, ಈಸ್ಟರಿಗೆ ಮೊಟ್ಟೆ, ಧಣಿಯ ಮನೆಯ ಬಟ್ಟೆ ಒಗೆಯುವ ಬಿಟ್ಟಿ. ಮನೆಯ ಮಗನಿಗೆ ಮದುವೆ ಮಾಡಬೇಕಾದರೂ ಧಣಿಯ ಒಪ್ಪಿಗೆ ಬೇಕು. ಏಕೆಂದರೆ ಉಣ್ಣುವ ಬಾಯಿಗಳೂ ದುಡಿಯುವ ಕೈಗಳೂ ಜಮೀನಿನ ಅಳತೆಗೆ ಸರಿಹೋಗಬೇಕಷ್ಟೆ. ಲೆಕ್ಕದ ಪುಸ್ತಕವನ್ನು ಬರೆಯುತ್ತಿದ್ದವನು ಧಣಿಯ ಪಾರುಪತ್ಯಗಾರ. ಓದಲು ಬಾರದ ಒಕ್ಕಲಿನವನು ಅದನ್ನು ನಂಬಬೇಕು. ಬರಗಾಲದಲ್ಲಿ ಕೊಟ್ಟ ಕಾಳು ಅದರಲ್ಲಿ ಸಾಲವಾಗಿ ಏರಿ ಕುಳಿತು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಊಟದ ಹಲಗೆಯ ಮುಂದೆ ಧಣಿಯೂ ಒಕ್ಕಲಿನವನೂ ಒಟ್ಟಿಗೆ ನಕ್ಕಿರಬಹುದು. ಪುಸ್ತಕದ ಮುಂದೆ ಒಬ್ಬನು ಕುಳಿತಿರುತ್ತಿದ್ದನು, ಒಬ್ಬನು ನಿಂತಿರುತ್ತಿದ್ದನು.

ನವೆಂಬರ್ 11ನೆಯ ದಿನ ಸಂತ ಮಾರ್ಟಿನನ ಹಬ್ಬ. ಅಂದು ಹೊಸ ವೈನಿನ ಪೀಪಾಯಿಯನ್ನು ತೆರೆದು, ಬೆಂಕಿಯಲ್ಲಿ ಸುಟ್ಟ ಚೆಸ್ಟ್‌ನಟ್ ಕಾಯಿಗಳೊಡನೆ ರುಚಿ ನೋಡುವುದು ದೇಶಾಚಾರ. ಯಾತ್ರಿಕರ ಪುಸ್ತಕಗಳಲ್ಲಿ ಇದರ ವರ್ಣನೆ ಮನೋಹರವಾಗಿದೆ. ವ್ಯವಸಾಯದ ವರ್ಷವು ಮುಗಿಯುವುದೂ ಅಂದೇ. ಕರಾರು ಮುಂದುವರಿಯದ ಒಕ್ಕಲುಗಳು, ವಿಶೇಷವಾಗಿ ಪೊ ನದಿಯ ಬಯಲಿನಲ್ಲಿ, ಹಾಸಿಗೆ, ಪಾತ್ರೆ, ಕೋಳಿ, ಮುದುಕರನ್ನು ಗಾಡಿಯ ಮೇಲೆ ಹೇರಿಕೊಂಡು ಬೇರೆ ಧಣಿಯನ್ನು ಅರಸಿ ಹೊರಡುತ್ತಿದ್ದರು. ‘ಸಂತ ಮಾರ್ಟಿನನನ್ನು ಮಾಡುವುದು’ ಎಂದರೆ ಆ ಸೀಮೆಯ ಮಾತಿನಲ್ಲಿ ಮನೆ ಖಾಲಿಮಾಡುವುದು ಎಂದೇ ಅರ್ಥ. ಎರ್ಮಾನ್ನೊ ಓಲ್ಮಿಯವರು 1978ರಲ್ಲಿ ತೆಗೆದ ಒಂದು ಪ್ರಸಿದ್ಧ ಚಲಚ್ಚಿತ್ರದಲ್ಲಿ, ಮಗನ ಪಾದರಕ್ಷೆಗಾಗಿ ಧಣಿಯ ಒಂದು ಮರವನ್ನು ಕಡಿದ ಬೆರ್ಗಾಮೊ ಸೀಮೆಯ ಒಕ್ಕಲಿನವನು ಸಂಸಾರಸಮೇತನಾಗಿ ಹೊರಡುವ ದೃಶ್ಯವುಂಟು. ನೆರೆಯವರು ಬಾಗಿಲ ಸಂದಿನಿಂದ ನೋಡುತ್ತಾರೆ, ಯಾರೂ ಮಾತನಾಡುವುದಿಲ್ಲ. ಹೊಸ ವೈನಿನ ಹಬ್ಬವೂ ಗಾಡಿ ಹೇರುವ ದಿನವೂ ಒಂದೇ ಆಗಿದ್ದ ದೇಶದಲ್ಲಿ, ಆ ದಿನವು ಯಾರಿಗೆ ಹೇಗಿತ್ತೆಂಬುದನ್ನು ಒಬ್ಬ ಸಾಕ್ಷಿಯ ಹೇಳಿಕೆಯಿಂದ ತೀರ್ಮಾನಿಸಲು ಸಾಧ್ಯವೆ?

ಯುದ್ಧ ಮುಗಿದ ಮೇ�ಲೆ ಒಕ್ಕಲುಗಳು ಎದ್ದು ನಿಂತು ಕೇಳಿದರು. 1947ರ ಒಪ್ಪಂದದಂತೆ ಅವರ ಪಾಲು ನೂರಕ್ಕೆ 53 ಆಯಿತು. ನೂರಕ್ಕೆ 4ನ್ನು ಧಣಿಯು ಜಮೀನಿನ ಸುಧಾರಣೆಗೆ ತೊಡಗಿಸಬೇಕೆಂದಾಯಿತು. 1964ರ ಶಾಸನವು ಪಾಲನ್ನು 58ಕ್ಕೆ ಏರಿಸಿ, ಇಂಥ ಹೊಸ ಕರಾರುಗಳನ್ನು ನಿಷೇಧಿಸಿತು. 1982ರ ಶಾಸನವು ಉಳಿದವನ್ನು ಗುತ್ತಿಗೆಗೆ ಪರಿವರ್ತಿಸಲು ದಾರಿ ಮಾಡಿತು. ಆದರೆ ಶಾಸನವು ನಡೆದುಬರುವಷ್ಟರಲ್ಲಿ ಒಕ್ಕಲುಗಳ ಮಕ್ಕಳು ಓಡಿಹೋಗಿದ್ದರು. 1950 ಮತ್ತು 1960ರ ದಶಕಗಳಲ್ಲಿ ಕಾರ್ಖಾನೆಗಳ ಬಾಗಿಲು ತೆರೆಯುತ್ತಲೆ ತೊಸ್ಕಾನದ ಗುಡ್ಡಗಳಿಂದ ಜನರು ಇಳಿದುಹೋದ ರೀತಿಯು ನೆರೆ ಇಳಿದಂತಿತ್ತು. ಧಣಿಗಳು ಬೆರಗಾದರು. ಅಷ್ಟು ಚೆನ್ನಾಗಿ ನಗುತ್ತ ಉಂಡವರು ಏಕೆ ಹೋದರೆಂದು ಕೆಲವರು ನೊಂದುಕೊಂಡರು. ಅರ್ಧ ಪಾಲಿನ ಬದಲು ಇನ್ನೂ ಮೂರು ಹೆಚ್ಚು ಕೊಟ್ಟರೆ ನಿಲ್ಲುವರೆಂದು ತಿಳಿದುದು ಅವರ ತಪ್ಪು. ಹುಡುಗರು ಬಿಟ್ಟುಹೋದದ್ದು ಪಾಲಿಗಾಗಿ ಮಾತ್ರವಲ್ಲ. ಮದುವೆಗೆ ಅಪ್ಪಣೆ ಬೇಡುವ ಬಾಳಿನಿಂದ.

ಬರಿದಾದ ಕಲ್ಲಿನ ಮನೆಗಳನ್ನು ಕೊಂಡವರು ಯಾರು? ಸವಿನೆನಪುಳ್ಳ ಯಾತ್ರಿಕರೇ. ಎತ್ತುಗಳು ನಿಲ್ಲುತ್ತಿದ್ದ ಕೊಟ್ಟಿಗೆಯು ಇಂದು ಅತಿಥಿಗಳ ಮಲಗುವ ಕೋಣೆಯಾಗಿದೆ. 1985ರಲ್ಲಿ ಆದ ಒಂದು ಶಾಸನದಿಂದ ಬೇಸಾಯಗಾರರು ತಮ್ಮ ಮನೆಗಳಲ್ಲಿ ಅತಿಥಿಗಳನ್ನು ಇಳಿಸಿಕೊಂಡು ಊಟ ಬಡಿಸಿ ಹಣ ಪಡೆಯಲು ದೇಶಾದ್ಯಂತ ಕ್ರಮವೇರ್ಪಟ್ಟಿತು. ಇದರಿಂದ ಅನೇಕ ಸಣ್ಣ ಹಿಡುವಳಿಗಳು ಉಳಿದುಕೊಂಡವೆಂಬುದನ್ನು ಒಪ್ಪಬೇಕು. ಈಗ ಪರದೇಶದವರು ಹಣ ತೆತ್ತು ಒಂದು ಬೆಳಗ್ಗೆ ಗೊಂಚಲು ಕತ್ತರಿಸಿ, ಮಧ್ಯಾಹ್ನದ ಊಟಮಾಡಿ, ಭಾವಚಿತ್ರ ತೆಗೆಯಿಸಿಕೊಂಡು ಹೋಗುವುದೂ ಉಂಟು. ಇದರಲ್ಲಿ ನಗುವಂಥದ್ದೇನೋ ಇದ್ದರೂ ಕೇಡಿಲ್ಲ.

ಕೇಡಿರುವುದು ಬೇರೆ ಕಡೆ. ಸಮನೆಲದ ತೋಟಗಳಲ್ಲಿ ಯಂತ್ರಗಳೇ ಹಣ್ಣು ಕೀಳುತ್ತವೆ. ಯಂತ್ರ ಹೋಗದ ಕಡೆ ಕೀಳುವವರಲ್ಲಿ ಬಹಳ ಮಂದಿ ಪೂರ್ವ ಯೂರೋಪು, ಆಫ್ರಿಕ, ಏಷ್ಯಗಳಿಂದ ಬಂದ ಕೂಲಿಗಳು. ಅವರನ್ನು ತರುವವರು ಕಪೊರಾಲೆ ಎಂಬ ಮೇಸ್ತ್ರಿಗಳು. ಕೂಲಿಯಲ್ಲಿ ಮೇಸ್ತ್ರಿಯ ಭಾಗ ಮುರಿದುಕೊಂಡೇ ಕೈಗೆ ಬರುವುದು. 2015ರ ಜುಲೈ 13ರಂದು ಪೂಲ್ಯ ಪ್ರಾಂತದ ಆಂದ್ರಿಯಾ ಊರಿನ ಬಳಿ, ಗೊಂಚಲಿನಲ್ಲಿ ಸಣ್ಣ ಕಾಯಿಗಳನ್ನು ಬಿಡಿಸುತ್ತಿದ್ದ 49 ವರ್ಷ ವಯಸ್ಸಿನ ಒಬ್ಬ ಇಟಲಿಯ ಹೆಂಗಸು ತೋಟದಲ್ಲಿಯೇ ಕುಸಿದು ಸತ್ತಳು. ಗಂಟೆಗೆ ಎರಡು ಯೂರೊವಿನ ಆಸುಪಾಸಿನ ಕೂಲಿಗೆ ಆಕೆಯು ಬಹುದೂರದ ಊರಿನಿಂದ ರಾತ್ರಿಯಲ್ಲೆದ್ದು ಬರುತ್ತಿದ್ದಳೆಂದು ಆಗ ವರದಿಯಾಯಿತು. ಆ ಮರಣದಿಂದ ಎದ್ದ ಕೂಗು 2016ರ ಶಾಸನಕ್ಕೆ ಕಾರಣವಾಗಿ, ಮೇಸ್ತ್ರಿಯಷ್ಟೇ ಅಲ್ಲದೆ ಕೆಲಸ ಮಾಡಿಸಿಕೊಂಡ ಜಮೀನುದಾರನೂ ದಂಡನೆಗೆ ಗುರಿಯೆಂದಾಯಿತು. ಆದಾಗ್ಯೂ 2024ರ ಜೂನ್ ತಿಂಗಳಲ್ಲಿ, ರೋಮಿನ ದಕ್ಷಿಣಕ್ಕಿರುವ ಲಾತೀನ ಸೀಮೆಯ ಒಂದು ಹೊಲದಲ್ಲಿ ಪಂಜಾಬಿನಿಂದ ಬಂದಿದ್ದ ಒಬ್ಬ ಆಳಿನ ತೋಳು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಅವನನ್ನು ಆಸ್ಪತ್ರೆಗೆ ಒಯ್ಯದೆ ಮನೆಯ ಬಳಿ ಇಳಿಸಿ, ತೋಳನ್ನು ಹಣ್ಣಿನ ಪೆಟ್ಟಿಗೆಯಲ್ಲಿಟ್ಟು ಬಿಟ್ಟುಹೋದರು. ಎರಡು ದಿನಗಳ ಮೇಲೆ ಅವನು ರೋಮಿನ ಆಸ್ಪತ್ರೆಯಲ್ಲಿ ಸತ್ತನು. ಹಳೆಯ ಕಾಲದ ಧಣಿಯು ಲೆಕ್ಕದಲ್ಲಿ ಕೈಬಿಗಿ ಮಾಡಿದರೂ ಸುಗ್ಗಿಯ ದಿನ ಒಕ್ಕಲಿನವನ ಹೆಸರು ಹಿಡಿದು ಬಟ್ಟಲು ತುಂಬಿಸುತ್ತಿದ್ದನು. ಮೇಸ್ತ್ರಿಯ ಮೂಲಕ ಆಳು ತರಿಸುವವನಿಗೆ ಹೆಸರೂ ತಿಳಿಯದು. ಲೆಕ್ಕವೂ ಹೋಗಿ ಊಟವೂ ಹೋದ ಸ್ಥಿತಿಯಿದು.

ಹೀಗೆಂದು ಇಟಲಿಯೆಲ್ಲವೂ ಹೀಗೆಯೇ ಇದೆಯೆಂದು ತಿಳಿಯತಕ್ಕದ್ದಲ್ಲ. ಗಯಟೆಯವರು ಬೆಳೆಗಾರರ ಸಾಲದ ಕಥೆಯನ್ನು ಕೇಳಿದ ಬೊಲ್ಜಾನೊ ಊರಿಗೆ ಅನತಿದೂರದಲ್ಲಿ ತೆರ್ಲಾನೊ ಎಂಬ ಹಳ್ಳಿಯಿದೆ. ಅಲ್ಲಿ 1893ರಲ್ಲಿ 24 ಮಂದಿ ಬೆಳೆಗಾರರು ಕೂಡಿ ಸಹಕಾರದ ಮೇಲೆ ಒಂದು ವೈನಿನ ಉಗ್ರಾಣವನ್ನು ಕಟ್ಟಿದರು. ಅದೇ ಕಾಲದಲ್ಲಿ ನೆರೆಯ ತ್ರೆಂತಿನೊ ಸೀಮೆಯಲ್ಲಿ ಲೊರೆಂಜೊ ಗ್ವೆತ್ತಿ ಎಂಬ ಪಾದ್ರಿಗಳು 1890ರಲ್ಲಿ ಮೊದಲುಮಾಡಿದ ಸಹಕಾರ ಸಂಘಗಳು ಹಳ್ಳಿಯಿಂದ ಹಳ್ಳಿಗೆ ಹಬ್ಬುತ್ತಿದ್ದವು. ತೊಟ್ಟಿಯೂ ಪೀಪಾಯಿಯೂ ಸಂಘದವು. ಮುಂಗಡವು ಬೇಕಾದರೂ ಸಂಘದ್ದೇ. ಇಂಥ ಉಗ್ರಾಣಗಳಲ್ಲಿ ಹಣ್ಣನ್ನು ಬಾಗಿಲಲ್ಲಿಯೇ ಎಲ್ಲರ ಎದುರಿಗೆ ತೂಗಿ, ರಸದ ಸಿಹಿಯನ್ನು ಅಳೆದು, ಚೀಟಿ ಬರೆದುಕೊಡುವರು. ಹಣವು ವರ್ಷದಲ್ಲಿ ಕಂತುಕಂತಾಗಿ ಬರುತ್ತದೆ. ತೆರ್ಲಾನೊದ ಸಂಘವು ಇಂದಿಗೂ ನಡೆಯುತ್ತಿದೆ.

ಆ ಕಣಿವೆಯಲ್ಲಿ ಶರತ್ಕಾಲದಲ್ಲಿ ಒಕ್ಕಲುಮನೆಯಿಂದ ಒಕ್ಕಲುಮನೆಗೆ ನಡೆದುಹೋಗಿ ಹೊಸ ವೈನಿನ ರುಚಿ ನೋಡುವ ಒಂದು ಆಚಾರವುಂಟು. ದ್ರಾಕ್ಷಿ ಹಿಂಡುವ ಯಂತ್ರದ ಹೆಸರಿನಿಂದಲೇ ಅದಕ್ಕೆ ಟೋರ್ಗೆಲೆನ್ ಎಂದು ಹೆಸರು ಬಂದಿದೆ. ಯಾತ್ರಿಕರು ಇಂದೂ ಅಕ್ಟೋಬರಿನಲ್ಲಿ ಅಲ್ಲಿಗೆ ಹೋಗಿ, ಮರದ ಹಲಗೆಯ ಮುಂದೆ ಕುಳಿತು, ಹಂದಿಮಾಂಸ, ಹುಳಿ ಕೋಸು, ಸುಟ್ಟ ಚೆಸ್ಟ್‌ನಟ್‌ಗಳೊಡನೆ ಹೊಸ ವೈನನ್ನು ಕುಡಿದು, ಆ ದಿನವನ್ನು ಬಹುಕಾಲ ನೆನೆಯುತ್ತಾರೆ. ಬಟ್ಟಲಿಗೆ ಸುರಿಯುವವನು ಮನೆಯ ಯಜಮಾನ. ತೋಟವೂ ಪೀಪಾಯಿಯೂ ಅವನದೇ.